ತಲೆಕೆಳಗಿನ ಮುಚ್ಚಳ

ಇಡಗುಂಜಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಮಲಿ ಹರಿಕಂತ್ರಳಿಗೆ ಒಂದು ಜಾಗವಿತ್ತು. ಸೀಟಲ್ಲ, ಹಿಂದಿನ ಬಾಗಿಲ ಪಕ್ಕದ ಮೂಲೆ. ಹೊನ್ನಾವರದ ಬಂದರಿನಲ್ಲಿ ಬಂಗಡೆಯೋ ತಾರ್ಲೆಯೋ ಮೀನು ಕೊಂಡು, ಬುಟ್ಟಿಗೆ ಐಸು ಸುರಿದು, ಬಸ್ಸು ಹತ್ತಿ ಆ ಮೂಲೆಯಲ್ಲಿ ಬುಟ್ಟಿಯನ್ನು ಮೊಣಕಾಲಿನಿಂದ ಒತ್ತಿಕೊಂಡು ನೆಲದ ಮೇಲೆಯೇ ಕೂರುವಳು. ಬಸ್ಸು ತಿರುವಿನಲ್ಲಿ ವಾಲಿದರೆ ಬುಟ್ಟಿಯೂ ವಾಲುತ್ತದೆ, ಹಾಗಾಗಿ ಅದನ್ನು ಬಿಟ್ಟು ಸೀಟಿನಲ್ಲಿ ಕೂರುವ ಹಾಗಿರಲಿಲ್ಲ. ಇಡಗುಂಜಿಗಿಂತ ಮೊದಲೇ ಇಳಿದು, ಒಳಗಿನ ಕೇರಿಗಳಲ್ಲಿ "ಬಂಗಡೀ..." ಎಂದು ಕೂಗುತ್ತ ನಡೆದರೆ, ಮಧ್ಯಾಹ್ನದ ಸಾರಿಗೆ ಮಸಾಲೆ ಅರೆಯುವ ಹೊತ್ತಿಗೆ ಸರಿಯಾಗಿ ಮನೆಮನೆಯ ಅಂಗಳ ಮುಟ್ಟುವಳು. ಮದುವೆಯಾಗಿ ಬಂದಾಗಿನಿಂದ ಅವಳ ಕಸುಬು ಇದೇ. ಅವಳ ಹಿಂದೆ ಪಕ್ಕದ ಮನೆಯ ನಾಗಿ, ನಾಗಿಯ ಹಿಂದೆ ಇನ್ನೂ ನಾಲ್ಕಾರು ಹೆಂಗಸರು, ಎಲ್ಲರದೂ ಅದೇ ಬಸ್ಸು.

1999ರ ಬೇಸಿಗೆಯಲ್ಲಿ ಒಂದು ದಿನ ಆ ಜಾಗ ಕೈ ತಪ್ಪಿತು.

ಅಂದು ಬಸ್ಸು ತುಂಬಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅಮಿತಾ ಎಂಬವರು ಸಂಬಂಧಿಕರ ನಿಶ್ಚಿತಾರ್ಥಕ್ಕೆಂದು ರೇಷ್ಮೆ ಸೀರೆ ಉಟ್ಟು ಬುಟ್ಟಿಗಳ ಮುಂದಿನ ಸೀಟಿನಲ್ಲಿ ಕೂತಿದ್ದರು. ಎಮ್ಮೆಯೊಂದು ಅಡ್ಡ ಬಂದು ಚಾಲಕ ಬ್ರೇಕು ಒತ್ತಿದ. ಬುಟ್ಟಿಗಳ ಕೆಳಗೆ ಅಷ್ಟು ಹೊತ್ತಿನಿಂದ ಕರಗಿ ನಿಂತಿದ್ದ ಐಸಿನ ನೀರು ಮೀನಿನ ರಕ್ತ, ಹುರುಪೆಗಳ ಸಮೇತ ಸೀಟುಗಳಡಿ ಮುಂದಕ್ಕೆ ಹರಿಯಿತು. ಅಮಿತಾ ತಮ್ಮ ಸೀರೆಯ ಅಂಚು ನೋಡಿಕೊಂಡು, "ಇದು ಎಂತ ನೀರು?" ಎಂದು ಕೇಳಿದರು, ಅಷ್ಟೇ. ಉತ್ತರವನ್ನು ಇಡೀ ಬಸ್ಸು ಕೊಟ್ಟಿತು.

ಕಂಡಕ್ಟರ್ ಮಾಬ್ಲೇಶ್ವರ ಸೀಟಿ ಊದಿ ಬಸ್ಸು ನಿಲ್ಲಿಸಿದ. "ನೋಡು ಕಮಲಕ್ಕಾ, ಡ್ರೈವರ್ ತನಕ ಎಲ್ಲರೂ ಕಾಲು ಮೇಲೆ ಮಾಡ್ಕಂಡು ಕೂತಾರೆ. ಇದು ಬಸ್ಸೋ, ದೋಣಿಯೋ?"

"ಮೀನು ಅಂದ್ಮೇಲೆ ನೀರು ಇರೂದೇಯಾ ತಮ್ಮಾ. ಮಳೆಗಾಲದಾಗೆ ನಿನ್ನ ಬಸ್ಸಿನ ಮಾಡು ಸೋರ್ತದಲ್ಲ, ಅದಕ್ಕೆಂತ ಮಾಡ್ದೆ?"

ಬಸ್ಸು ನಕ್ಕಿತು. ಮಾಬ್ಲೇಶ್ವರನಿಗೂ ನಗು ಬಂದಿತ್ತು, ಆದರೆ ಅದನ್ನು ನುಂಗಿಕೊಂಡ. "ಆತು. ಮಾಡಿನ ನೀರಿಗೆ ವಾಸನೆ ಇಲ್ಲ. ನಾಳೆಯಿಂದ ಮೀನಿನ ಬುಟ್ಟಿ ಹತ್ತಿಸೂಕಿಲ್ಲ, ಯಾರದ್ದೂ. ಒಂದು ಹನಿ ಬೀಳದಿದ್ದ ಬುಟ್ಟಿ ತಕಂಡು ಬಾ, ನಾನೇ ಎತ್ತಿ ಇಡ್ತೆ."

ಅವನು ಮಾತಿಗೆ ಹೇಳಿದ್ದ. ಕಮಲಿ ಅದನ್ನು ಕರಾರು ಎಂದೇ ಹಿಡಿದಳು. ಹಿಡಿಯದೆ ಬೇರೆ ದಾರಿಯೂ ಇರಲಿಲ್ಲ. ಟೆಂಪೋದವನು ಜನ ಭರ್ತಿಯಾಗದೆ ಹೊರಡುವುದಿಲ್ಲ. ಅವನ ಗಾಡಿಯಲ್ಲಿ ಹೋದ ದಿನ ಕೇರಿ ಮುಟ್ಟುವಾಗ ಎಲ್ಲರ ಮನೆಯಲ್ಲೂ ಸೌತೆಕಾಯಿ ಸಾರು ಕುದಿದು ಇಳಿದಿತ್ತು. ಜೊತೆಗೆ ಮೋಟಾರುಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತ ಮೀನು ಮಾರುವ ಹುಡುಗರು ಹೊಸದಾಗಿ ಬರತೊಡಗಿದ್ದರು. ಒಂದು ಮಳೆಗಾಲ ತಾನು ಆ ಅಂಗಳಗಳಲ್ಲಿ ಕಾಣಿಸದಿದ್ದರೆ ಜನ ಹಾರ್ನಿಗೆ ಒಗ್ಗಿಕೊಳ್ಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಹೊನ್ನಾವರದ ಪೇಟೆಯ ಹಿಂದಿನ ಓಣಿಯಲ್ಲಿ ನಿತ್ಯಾನಂದನ ಅಂಗಡಿ. ಬಕೀಟಿಗೆ ತಳ ಹಾಕುವುದು, ಸ್ಟೋವು ರಿಪೇರಿ, ಕೊಡದ ತೂತಿಗೆ ಬೆಸುಗೆ, ಇದು ಅವನ ಕೆಲಸ. ಬಾಗಿಲಲ್ಲಿ ಅವನ ಅಜ್ಜನ ಕಾಲದ ಲಾಟೀನೊಂದು ತೂಗುತ್ತಿತ್ತು. ಅದರ ತಳದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಪೇಟೆಂಟ್' ಎಂದೂ, ಪಕ್ಕದಲ್ಲಿ 1911 ಎಂದೂ ಒತ್ತಿತ್ತು. ಲಾಟೀನು ಯಾವ ಕಂಪನಿಯದು ಎಂದು ಯಾರಾದರೂ ಕೇಳಿದರೆ ನಿತ್ಯಾನಂದ, "ಪೇಟೆಂಟ್ ಕಂಪನಿ. ಒಳ್ಳೇ ಕಂಪನಿ, ಈಗ ಮುಚ್ಚಿ ಹೋಯ್ತು" ಎನ್ನುತ್ತಿದ್ದ.

ಕಮಲಿ ಹೇಳಿದ್ದನ್ನೆಲ್ಲ ಕೇಳಿ ಅವನು ಇಡ್ಲಿ ಪಾತ್ರೆಯನ್ನು ನೆನೆಸಿಕೊಂಡ. ದೊಡ್ಡ ಅಲ್ಯುಮಿನಿಯಂ ಪಾತ್ರೆ. ತಳದಿಂದ ಗೇಣೆತ್ತರದಲ್ಲಿ ತುಂಬ ತೂತುಗಳ ತಟ್ಟೆ. ತಟ್ಟೆಯ ಮೇಲೆ ಮೀನು, ಐಸು. ಕರಗಿದ ನೀರು ತೂತುಗಳಿಂದ ಕೆಳಗಿಳಿದು ತಳದಲ್ಲಿ ನಿಲ್ಲಬೇಕು. ಅಂಗಡಿಯ ಮುಂದೆ ಕೊಡದಿಂದ ನೀರು ಸುರಿದು ನೋಡಿದರು. ಒಂದು ಹನಿ ಹೊರಗೆ ಬರಲಿಲ್ಲ.

ಮಾಬ್ಲೇಶ್ವರ ಪರೀಕ್ಷೆಗೆ ಒಪ್ಪಿದ, ಮೀನಿಲ್ಲದೆ ಬರೀ ಐಸು ತರಬೇಕೆಂಬ ಷರತ್ತಿನ ಮೇಲೆ. ಬಸ್ಸು ಹೊರಟು ಶರಾವತಿ ಸೇತುವೆ ಹತ್ತುವಷ್ಟರಲ್ಲಿ ಐಸು ಅರ್ಧ ಕರಗಿತ್ತು. ಸೇತುವೆಯ ತುಂಡು ತುಂಡು ಕೂಡಿದಲ್ಲೆಲ್ಲ ಬಸ್ಸು ದಡ್ ದಡ್ ಎಂದು ಕುಣಿಯುತ್ತದೆ. ಪ್ರತಿ ಕುಣಿತಕ್ಕೂ ತಳದ ನೀರು ತಟ್ಟೆಯ ಅಷ್ಟೂ ತೂತುಗಳಿಂದ ಮೇಲಕ್ಕೆ ಚಿಮ್ಮಿತು. ಒಂದು ಚಿಮ್ಮು ಪಾತ್ರೆಯ ಬಾಯಿ ದಾಟಿ ಮಾಬ್ಲೇಶ್ವರನ ಖಾಕಿ ಪ್ಯಾಂಟು ತೋಯಿಸಿತು.

"ಅಯ್ಯಯ್ಯ! ಮೀನಿಲ್ಲದೇ ನೀರು ಬೀಳೂ ಬುಟ್ಟಿ ಮಾಡಿಸ್ಕಂಡು ಬಂದ್ಯಲ್ಲೇ ಕಮಲಕ್ಕಾ!"

ಕಮಲಿ ಆ ಸಂಜೆ ಮನೆಯ ಹಿತ್ತಲಲ್ಲಿ ಕಾಲು ಚಾಚಿ ಕೂತಳು. ಗಂಡ ದಾಸ ಮಳೆಗಾಲಕ್ಕೆಂದು ಬಿದಿರಿನ ಕೂಳಿ ಹೆಣೆಯುತ್ತಿದ್ದ. ಹರಿಯುವ ನೀರಿಗೆ ಅಡ್ಡ ಇಟ್ಟು ಮೀನು ಹಿಡಿಯುವ ಉದ್ದನೆಯ ಬುಟ್ಟಿ ಅದು. ಬಾಯಿಯ ಒಳಗೆ ಇನ್ನೊಂದು ಬಾಯಿ, ಒಳಗೆ ಹೋದಂತೆ ಕಿರಿದಾಗುತ್ತ ಹೋಗುವ ಆಲಿಕೆಯ ಹಾಗೆ. ಅಗಲದ ಕಡೆಯಿಂದ ಮೀನು ಜಾರಿ ಒಳಗೆ ಹೋಗುತ್ತದೆ. ಹೊರಬರಲು ಹೊರಟರೆ ಸುತ್ತಲಿನ ಗೋಡೆಗೆ ತಾಗಿ ತಾಗಿ ಹಿಂದೆ ಸರಿಯುತ್ತದೆ. ನಡುವಿನ ಸಣ್ಣ ಕಿಂಡಿ ಅದಕ್ಕೆ ಸಿಗುವುದೇ ಇಲ್ಲ.

"ಎಂತ ನೋಡ್ತೆ ಹಂಗೆ? ಕೂಳಿ ಕಾಣಲಿಲ್ವಾ ಯಾವತ್ತೂ?" ಎಂದ ದಾಸ.

"ಒಳಗೆ ಹೋದದ್ದು ಹೊರಗೆ ಬರೂದಿಲ್ಲ ಅಲ್ದಾ?"

"ಹೌದು ಮತ್ತೆ. ನಿನ್ನ ಕೈಗೆ ಸಿಕ್ಕಿದ ನನ್ನ ಹಂಗೇ."

ಕಮಲಿ ಅವನ ಬೆನ್ನಿಗೊಂದು ಗುದ್ದಿ ಅಡುಗೆಮನೆಗೆ ಹೋದಳು. ಅನ್ನದ ಪಾತ್ರೆಯ ಉಬ್ಬಿದ ಮುಚ್ಚಳವನ್ನು ತೆಗೆದು ತಲೆಕೆಳಗು ಮಾಡಿ ಹಿಡಿದಳು. ಈಗ ಅದು ಹಳ್ಳ. ಹಳ್ಳದ ನಡುವೆ ಒಂದೇ ತೂತು ಮಾಡಿದರೆ ಮೇಲಿನ ನೀರೆಲ್ಲ ಜಾರಿ ಅಲ್ಲಿಗೇ ಬರುತ್ತದೆ. ಕೆಳಗಿನ ನೀರು ಎಷ್ಟು ಕುಣಿದರೂ ಬಹುಪಾಲು ಮುಚ್ಚಳದ ಬೆನ್ನಿಗೆ ತಾಗಿ ವಾಪಸು ಬೀಳುತ್ತದೆ.

ಮರುದಿನ ಮುಚ್ಚಳ ಸಮೇತ ಬಂದ ಅವಳನ್ನು ಕಂಡು ನಿತ್ಯಾನಂದ ಮೊದಲು ನಕ್ಕ. ಎರಡು ಚೊಂಬು ನೀರು ಸುರಿದು, ಪಾತ್ರೆ ಅಲ್ಲಾಡಿಸಿ, ನಗು ನಿಲ್ಲಿಸಿದ. ಹುರುಪನ್ನು ತಡೆಯಲಾರದೆ ಮುಚ್ಚಳವನ್ನು ಪಾತ್ರೆಯೊಳಗೆ ಸುತ್ತಲೂ ರಿವೆಟ್ ಹೊಡೆದು, ಅಂಚಿಗೆ ಡಾಂಬರು ಮೆತ್ತಿ ಕೂರಿಸಿಯೇ ಬಿಟ್ಟ. ಕಮಲಿ ಬಸ್ಸಿನ ಗೊಡವೆಗೆ ಹೋಗದೆ ಮೊದಲು ಟೆಂಪೋದಲ್ಲಿ ಒಯ್ದು ನೋಡಿದಳು. ಹನಿ ಬೀಳಲಿಲ್ಲ. ಆದರೆ ಸಂಜೆ ತೊಳೆಯಲೆಂದು ಕವುಚಿ ಹಾಕಿದರೆ ಒಳಗಿನ ನೀರೂ ಬೀಳಲಿಲ್ಲ. ಓರೆ ಮಾಡಿದಳು, ಕುಲುಕಿದಳು, ನಾಗಿ ಒಂದು ಕಡೆ ಹಿಡಿದು ಇಬ್ಬರೂ ಸೇರಿ ತೂಗಿದರು. ಕಿಂಡಿಯಿಂದ ಒಂದಷ್ಟು ತೊಟ್ಟಿಕ್ಕಿ ನಿಂತಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಆ ಪಾತ್ರೆಯನ್ನು ಬಾವಿಕಟ್ಟೆಯಿಂದ ಆಚೆ ಇಡಬೇಕಾಯಿತು. ದಾಸ ಮೂಗು ಮುಚ್ಚಿಕೊಂಡು ಅದಕ್ಕೆ ದೂರದಿಂದಲೇ ಕೈಮುಗಿದ.

"ಒಳಗೆ ಹೋದದ್ದು ಹೊರಗೆ ಬರಬಾರದು ಅಂದವಳು ನೀನೇಯಾ" ಎಂದ ನಿತ್ಯಾನಂದ, ಅವಳು ಪಾತ್ರೆಯನ್ನು ಅಂಗಡಿಗೆ ವಾಪಸು ತಂದಾಗ.

"ಬಸ್ಸಲ್ಲಿ ಬರಬಾರದು ಮಾರಾಯಾ! ಬಾವಿಕಟ್ಟೆಯಲ್ಲಿ ಬರಬೇಕು!"

ರಿವೆಟ್ ತೆಗೆದು, ಪಾತ್ರೆಯ ಒಳಗೋಡೆಗೆ ಒಂದು ತಗಡಿನ ಬಳೆ ಕೂರಿಸಿ, ಮುಚ್ಚಳ ಅದರ ಮೇಲೆ ಬಿಗಿಯಾಗಿ ಕೂರುವ ಹಾಗೆ, ಬೇಕಾದಾಗ ಎತ್ತುವ ಹಾಗೆ ಮಾಡಿದರು. ಕಿಂಡಿಗೆ ಮೀನು ಅಡ್ಡ ಬಾರದಿರಲೆಂದು ಅದರ ಮೇಲೆ ಮೀನು ತುಂಬಿಡುವ ಬಿದಿರಿನ ಬುಟ್ಟಿಗೆ ದಾಸ ಮೋಟು ಕಾಲುಗಳನ್ನು ಹೆಣೆದುಕೊಟ್ಟ. ಎಲ್ಲದರ ಮೇಲೆ ಇನ್ನೊಂದು ಮುಚ್ಚಳ, ಇದು ಸರಿಯಾದ ಮಗ್ಗುಲಿನದು.

ಎರಡನೆಯ ಪರೀಕ್ಷೆಯ ದಿನ ಮೀನಿತ್ತು. ಕರಾರಿನಂತೆ ಮಾಬ್ಲೇಶ್ವರನೇ ಪಾತ್ರೆ ಎತ್ತಿ ಒಳಗಿಟ್ಟ, ಆದರೆ ಪ್ಯಾಂಟು ಮೊಣಕಾಲ ತನಕ ಮಡಚಿಕೊಂಡು. ಸೇತುವೆ ದಡ್ ದಡ್ ಎಂದಿತು. ಕಮಲಿ ಕಣ್ಣುಮುಚ್ಚಿದಳು. ತೆರೆದಾಗ ನೆಲ ಒಣಗಿತ್ತು. ಮಂಕಿಯ ಬಳಿಯ ತಿರುವಿನಲ್ಲೂ ಒಣಗಿತ್ತು. ಪಕ್ಕದ ಸೀಟಿನಲ್ಲಿ ಬಿಳಿ ಪಂಚೆ ಉಟ್ಟು ಗಣಪತಿ ದರ್ಶನಕ್ಕೆ ಹೊರಟಿದ್ದ ವೃದ್ಧರೊಬ್ಬರು ಬಗ್ಗಿ ಪಾತ್ರೆಯನ್ನೇ ನೋಡುತ್ತಿದ್ದರು.

"ತಂಗೀ, ಕಡುಬು ಬೇಯಿಸ ಪಾತ್ರೆ ಚೊಲೋ ಇದ್ದು. ಎಲ್ಲಿ ಮಾಡಿಸಿದ್ದೆ?"

ಕಮಲಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಾಬ್ಲೇಶ್ವರ ಗಂಭೀರವಾಗಿ, "ಹೌದು ಭಟ್ರೇ, ಕಡುಬೇಯಾ. ಅದರದ್ದು ಬಂಗಡೆ ಜಾತಿ" ಎಂದ. ವೃದ್ಧರು ಪಂಚೆಯನ್ನು ಒಮ್ಮೆ ಎತ್ತಿ ಪರೀಕ್ಷಿಸಿ, ಒದ್ದೆಯಾಗಿಲ್ಲವೆಂದು ಖಚಿತಪಡಿಸಿಕೊಂಡು, ಎಲ್ಲರಿಗಿಂತ ಜೋರಾಗಿ ನಕ್ಕರು. ಮಾಬ್ಲೇಶ್ವರ ಪ್ಯಾಂಟಿನ ಮಡಿಕೆ ಬಿಚ್ಚಿದ.

ಆ ನಗುವಿಗೆ ಮುಂದಿನ ಸಾಲಿನಿಂದ ತಿರುಗಿ ನೋಡಿದವರು ಅಮಿತಾ. ಬಸ್ಸು ಕಮಲಿಯ ನಿಲ್ದಾಣ ಮುಟ್ಟಿದಾಗ ಅವರೂ ಇಳಿದರು. "ಒಳಗೆ ಎಂತ ಮಾಡಿದ್ದೆ, ತೋರಿಸು" ಎಂದು ರಸ್ತೆ ಬದಿಯಲ್ಲೇ ಕೂತು, ಮುಚ್ಚಳ ಎತ್ತಿಸಿ, ಕೂಳಿಯ ಕಥೆಯನ್ನೆಲ್ಲ ಕೇಳಿಸಿಕೊಂಡರು. ಅವರ ಮುಖ ಅರಳಿತು.

"ಕಮಲಿ, ಇದಕ್ಕೆ ನೀನು ಪೇಟೆಂಟ್ ತಗೋಬಹುದು."

"ಪೇಟೆ ಟೆಂಟಾ?" ಕಮಲಿ ಹೌಹಾರಿದಳು. "ಯಕ್ಷಗಾನ ಮೇಳದವರು ಹಾಕ್ತಾರಲ್ಲ, ಆ ಟೆಂಟಾ? ನಂಗೆಂತಕ್ಕೆ ಅಕ್ಕೋರೇ?"

ಸಂಜೆ ನಿತ್ಯಾನಂದನ ಅಂಗಡಿಯಲ್ಲಿ ಅಮಿತಾ ಬಿಡಿಸಿ ಹೇಳಿದರು. ಹೊಸ ಸಾಧನ ಕಂಡುಹಿಡಿದವರಿಗೆ ಸರ್ಕಾರ ಕೊಡುವ ಹಕ್ಕು ಅದು. ಇಂತಿಷ್ಟು ವರ್ಷ ಬೇರೆ ಯಾರೂ ಅದನ್ನು ಮಾಡಿ ಮಾರುವಂತಿಲ್ಲ. ಆ ಲಾಟೀನನ್ನು ಮಾಡಿದವರೂ ದೊಡ್ಡ ಪಂಡಿತರೇ ಆಗಿರಬೇಕೆಂದಿಲ್ಲ. ಆ ಕಾಲದಲ್ಲಿ ಕಮ್ಮಾರರು, ಬಡಗಿಗಳು, ತಗಡಿನ ಕೆಲಸದವರು ಎಷ್ಟೋ ಮಂದಿ ಹೀಗೆ ಹಕ್ಕು ಪಡೆದಿದ್ದರು. ನಿತ್ಯಾನಂದ ಲಾಟೀನನ್ನು ಇಳಿಸಿ ತಳ ನೋಡಿದ. "ಹಂಗಾದ್ರೆ ಕಂಪನಿ ಅಲ್ವಾ ಇದು? ಮೂವತ್ತು ವರ್ಷದಿಂದ ಊರಿಗೆಲ್ಲ ಮುಚ್ಚಿ ಹೋಯ್ತು ಅಂತ ಹೇಳ್ತಾ ಬಂದೆನಲ್ಲ!"

"ಒಂದೇ ಒಂದು ಜಾಗ್ರತೆ ಬೇಕು" ಎಂದರು ಅಮಿತಾ. "ಚೆನ್ನೈಯ ಪೇಟೆಂಟ್ ಕಚೇರಿಗೆ ಅರ್ಜಿ ಹೋಗುವ ತನಕ ಒಳಗಿನ ಮುಚ್ಚಳ ಯಾರಿಗೂ ತೋರಿಸಬಾರದು. ಎಲ್ಲರಿಗೂ ಗೊತ್ತಾದ ಮೇಲೆ ಅದು ಹೊಸತು ಅಂತ ಆಗುವುದಿಲ್ಲ. ಚಿತ್ರ ಬರೆಯಬೇಕು, ವಕೀಲರನ್ನು ಹಿಡಿಯಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಆದೀತು. ನಾನೇ ಓಡಾಡ್ತೇನೆ."

ಕಮಲಿಯ ಮನಸ್ಸು ಒಮ್ಮೆ ಉಬ್ಬಿತು. ತನ್ನ ಹೆಸರು ಚೆನ್ನೈಗೆ! ಅಷ್ಟರಲ್ಲಿ ಓಣಿಯ ತುದಿಯಲ್ಲಿ ನಾಗಿ ಕಾಣಿಸಿದಳು. ಟೆಂಪೋ ತಡವಾಗಿ, ಮಾರಾಟವಾಗದೆ ಉಳಿದ ತಾರ್ಲೆಯ ಬುಟ್ಟಿ ಅವಳ ತಲೆಯ ಮೇಲಿತ್ತು. ನೀರು ಕಿವಿಯ ಪಕ್ಕದಿಂದ ಇಳಿದು ರವಿಕೆಯನ್ನು ತೋಯಿಸಿತ್ತು. ಅವಳು ಅಂಗಡಿಯ ಮುಂದೆ ನಿಂತು, "ಎಂತ ಆತೇ? ಬಸ್ಸಿಗೆ ಹತ್ತಿಸ್ಕಂಡ್ನಾ?" ಎಂದು ನಗುತ್ತಲೇ ಕೇಳಿದಳು.

ಕಮಲಿ ಅವಳನ್ನು ನೋಡಿದಳು, ಪಾತ್ರೆಯನ್ನು ನೋಡಿದಳು.

"ಅಕ್ಕೋರೇ, ಆ ಟೆಂಟು ಎದ್ದು ನಿಲ್ಲೂ ತನಕ ನಾಗಿ ಟೆಂಪೋ ಕಾಯಬೇಕಾ?"

ಅಮಿತಾ ಸುಳ್ಳು ಹೇಳಲಿಲ್ಲ. "ಕಾಯಬೇಕಾಗ್ತದೆ."

"ಹಂಗಾದ್ರೆ ಬ್ಯಾಡ" ಎಂದಳು ಕಮಲಿ. ಮೇಲಿನ ಮುಚ್ಚಳ ತೆಗೆದಳು, ಬುಟ್ಟಿ ಎತ್ತಿದಳು. "ಬಾರೇ ನಾಗಿ, ಇಲ್ಲಿ ಬಗ್ಗಿ ನೋಡು. ಮುಚ್ಚಳ ತಲೆಕೆಳಗು ಹಾಕೂದು, ನಡುವೆ ಒಂದೇ ತೂತು. ಇಷ್ಟೇಯಾ."

ನಾಗಿ ಬಗ್ಗಿ ನೋಡಿದಳು. "ಇಷ್ಟೇಯಾ? ಇಷ್ಟಕ್ಕೆ ಇಷ್ಟು ದಿನ ತಕಂಡ್ಯಾ?" ಎಂದಳು. ಅಮಿತಾ ನಗು ತಡೆಯದೆ ಲಾಟೀನಿನ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು.

ಮಳೆಗಾಲ ಮುಗಿಯುವ ಹೊತ್ತಿಗೆ ಚೆನ್ನೈಗೆ ಏನೂ ಹೋಗಲಿಲ್ಲ. ಇಡಗುಂಜಿ ಬಸ್ಸಿನ ಮೀನು ಹೆಂಗಸರೆಲ್ಲ ತಮ್ಮ ಮೂಲೆಗೆ ಮರಳಿದರು. ನೋಡಿದವರು ಕುಮಟೆಯಲ್ಲಿ ಮಾಡಿಸಿದರು, ಭಟ್ಕಳದಲ್ಲಿ ಮಾಡಿಸಿದರು. ನಿತ್ಯಾನಂದನಿಗೆ ಮಾತ್ರ ಒಂದು ಆಸೆ ಉಳಿದಿತ್ತು. ಲಾಟೀನಿನ ತಳದಲ್ಲಿದ್ದಂತೆ ತನ್ನ ಪಾತ್ರೆಗಳ ತಳದಲ್ಲೂ ಏನಾದರೂ ಇರಬೇಕು. ಪೇಟೆಂಟ್ ಎಂದು ಬರೆದರೆ ಸುಳ್ಳಾಗುತ್ತದೆ. ಅವನು ಮೊಳೆ ಹಿಡಿದು ಚುಕ್ಕಿ ಚುಕ್ಕಿಯಾಗಿ 'ಕಮಲಿ' ಎಂದು ಗುದ್ದತೊಡಗಿದ. ಹೀಗಾಗಿ ಪಾತ್ರೆಗೆ ಅದೇ ಹೆಸರಾಯಿತು. "ನನ್ನ ಕಮಲಿ ತೊಳ್ದಾಯ್ತು", "ಅವಳ ಕಮಲಿ ನನ್ನದಕ್ಕಿಂತ ದೊಡ್ಡದು" ಎಂಬ ಮಾತು ಬಂದರಿನಲ್ಲಿ ಕೇಳಿದಾಗಲೆಲ್ಲ ದಾಸ, "ನನ್ನ ಕಮಲಿ ಮಾತ್ರ ಬಾಯಿ ಮುಚ್ಚೂದಿಲ್ಲ" ಎನ್ನುತ್ತಿದ್ದ.

2004ರಲ್ಲಿ ಮಾಬ್ಲೇಶ್ವರನಿಗೆ ಬೇರೆ ರೂಟು ಸಿಕ್ಕಿ, ಬಯಲುಸೀಮೆಯ ಕಡೆಯ ಹೊಸ ಕಂಡಕ್ಟರ್ ಬಂದ. ಹಳಬನಿಂದ ಎಲ್ಲ ವಿಷಯ ತಿಳಿದುಕೊಂಡೇ ಬಂದಿದ್ದ. ಮೊದಲ ದಿನ ಹೊನ್ನಾವರದ ನಿಲ್ದಾಣದಲ್ಲಿ ಬಾಗಿಲಲ್ಲಿ ನಿಂತು ಜೋರಾಗಿ ಕೂಗಿದ:

"ಕಮಲಿಗಳನ್ನೆಲ್ಲಾ ಹಿಂದಕ್ಕೆ ನೂಕ್ರಿ! ಒಂದರ ಮ್ಯಾಲೊಂದು ಪೇರಿಸ್ರಿ!"

ಕಮಲಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. "ತಮ್ಮಾ, ನನ್ನ ಯಾರ ಮೇಲೆ ಪೇರಿಸ್ತೆ?"

ಅವನು ಕಕ್ಕಾಬಿಕ್ಕಿಯಾದ. ನಾಗಿ ಹಿಂದಿನಿಂದ, "ಇವಳೇ ಮಾರಾಯಾ, ಕಮಲಿ ಅಂದ್ರೆ ಇವಳೇ! ಉಳಿದದ್ದೆಲ್ಲ ಪಾತ್ರೆ!" ಎಂದಳು. ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಹುಡುಗ ಕಿವಿಯ ತನಕ ಕೆಂಪಾಗಿ, ಕಿಟಕಿಯ ಪಕ್ಕದ ಸೀಟನ್ನು ತನ್ನ ಕರವಸ್ತ್ರದಿಂದ ಒರೆಸಿ, "ಕೂಡ್ರಿ ಅಮ್ಮಾರ" ಎಂದ.

ಕಮಲಿ ಕೂತಳು. ಪಾತ್ರೆಗೆ ಮೊಣಕಾಲು ಒತ್ತಿ ನೆಲದಲ್ಲಿ ಕೂರುವ ಕೆಲಸ ಎಂದೋ ತಪ್ಪಿತ್ತು. ಸೇತುವೆಯ ಮೇಲೆ ಬಸ್ಸು ದಡ್ ಎಂದಾಗ ಅವಳ ಕೈ ಹಳೆಯ ಅಭ್ಯಾಸದಿಂದ ಹಿಂದಕ್ಕೆ ಹೋಯಿತು. ಮೂಲೆಯಲ್ಲಿ ಕಮಲಿಗಳು ಸಾಲಾಗಿ, ಒಣಗಿದ ನೆಲದ ಮೇಲೆ ತಮ್ಮಷ್ಟಕ್ಕೆ ಕುಣಿಯುತ್ತಿದ್ದವು. ಅವಳು ಕೈ ಹಿಂತೆಗೆದು ಕಿಟಕಿಯಾಚೆ ಹೊಳೆ ನೋಡಿದಳು.