ಗೊಬ್ಬರದ ಮೇಲೆ ನಿಂತ ಕುದುರೆ

೧೯೫೮ನೇ ಇಸವಿ ಜೂನ್ ಒಂಬತ್ತು, ಸೋಮವಾರ, ಬೆಳಿಗ್ಗೆ ಏಳು ಗಂಟೆಗೆ ಮಾವನೂ ನಾನೂ ಅವರ ಹಳೇ ದನದ ಕೊಟ್ಟಿಗೆಯನ್ನು ಕುದುರೆ ಲಾಯ ಮಾಡಲು ಕೈ ಹಚ್ಚಿದೆವು. ನಾನಾಗ ಓದಿಗೆಂದು ಶಿವಮೊಗ್ಗದಲ್ಲಿ ಅವರ ಮನೆಯಲ್ಲಿದ್ದೆ. ಮಾವ ದನಗಳನ್ನು ಮಾರಿ ಎರಡು ಜಟಕಾ ಗಾಡಿ ಮಾಡಿಕೊಂಡಿದ್ದರು. ಒಂದಕ್ಕೆ ಬಿಳಿ ಗಂಡು ಕುದುರೆ, ಇನ್ನೊಂದಕ್ಕೆ ಕಂದು ಹೆಣ್ಣು ಕುದುರೆ. ಗದ್ದೆಯನ್ನು ಮಾತ್ರ ಬಿಟ್ಟಿರಲಿಲ್ಲ.

ಆ ವಾರವಿಡೀ ಕೆಲಸ ಚೆನ್ನಾಗಿಯೇ ನಡೆಯಿತು. ಗೋಡೆಯಲ್ಲಿ ಚಾಚಿಕೊಂಡಿದ್ದ ಮೊಳೆ ಕಿತ್ತು ಎಣಿಸಿದೆ, ಅರವತ್ತೊಂದು. ತಲೆಗೆ ತಾಗುವ ಅಡ್ಡತೊಲೆಯನ್ನು ಎತ್ತರಿಸಿದೆವು. ಕಾಲು ಸಿಕ್ಕಿಹಾಕಿಕೊಳ್ಳುವ ಗೋದಲಿಯ ಸಂದು ಮುಚ್ಚಿದೆವು. ಭದ್ರಾವತಿಯಿಂದ ಕಬ್ಬಿಣದ ಬಳೆ ತರಿಸಿ, ಹಗ್ಗ ಕಾಲಿಗೆ ತೊಡರದಷ್ಟು ಎತ್ತರಕ್ಕೆ ಬಡಿದೆವು. ಉಳಿದದ್ದು ನೆಲ. ಮಾವ ರಾಗಿಗುಡ್ಡದ ಕಡೆಯಿಂದ ಒಂದು ಗಾಡಿ ಹಸಿಸೊಪ್ಪು ತಂದು ಸುರಿದರು.

ದನದ ಕೊಟ್ಟಿಗೆಗೆ ನಮ್ಮವರೆಲ್ಲ ಮಾಡುವುದೇ ಅದು. ಸೊಪ್ಪಿನ ಮೇಲೆ ಸಗಣಿ, ಸಗಣಿಯ ಮೇಲೆ ಮತ್ತೆ ಸೊಪ್ಪು. ತಿಂಗಳುಗಟ್ಟಲೆ ತೆಗೆಯದೆ ಬಿಟ್ಟರೆ ಗದ್ದೆಗೆ ಗೊಬ್ಬರ.

"ಕುದುರೆಗೆ ಒಣ ನೆಲ ಬೇಡ್ವಾ ಮಾವ?" ಎಂದೆ.

"ದನ ನಿಂತಿದ್ದ ಕಡೆ ಕುದುರೆ ನಿಲ್ಲಲ್ವೇನೋ? ಅದೇನು ಮೈಸೂರಿಂದ ಬಂದಿರೋ ಅಳಿಯನಾ, ಹಾಸಿಗೆ ಹಾಸಕ್ಕೆ?" ಎಂದರು ಮಾವ.

ಆಗಸ್ಟ್ ಹೊತ್ತಿಗೆ ಲಾಯದ ನಾತ ಅಡಿಗೆಮನೆಗೂ ಬಂದಿತ್ತು. ಅತ್ತೆ ಮೂಗು ಮುಚ್ಚಿಕೊಂಡೇ ಒಗ್ಗರಣೆ ಹಾಕುತ್ತಿದ್ದರು. ಮಾವ ಮಾತ್ರ ಬಾಗಿಲಲ್ಲಿ ನಿಂತು, ಮೊಣಕಾಲೆತ್ತರಕ್ಕೆ ಏರಿದ ರಾಶಿಯನ್ನು ನೋಡಿ, "ಹದಿನೈದು ಗಾಡಿಗೆ ಮೋಸ ಇಲ್ಲ" ಎನ್ನುತ್ತಿದ್ದರು.

ಇಪ್ಪತ್ನಾಲ್ಕನೇ ತಾರೀಕು, ಭಾನುವಾರ, ಹೆಣ್ಣು ಕುದುರೆ ಹಿಂದಿನ ಎಡಗಾಲು ಊರಲಿಲ್ಲ. ಲಾಳ ಕಟ್ಟುವವನನ್ನು ಕರೆಸಿದೆವು. ಅವನು ಗೊರಸನ್ನು ಎತ್ತಿ ಹಿಡಿದವನೇ ಮುಖ ತಿರುಗಿಸಿದ. ಗೊರಸಿನ ಅಡಿಯ ಸೀಳಿನಿಂದ ಕಪ್ಪು ರಸ ಇಳಿಯುತ್ತಿತ್ತು. ಸತ್ತ ಇಲಿಯ ವಾಸನೆ. ಬೆರಳಿಟ್ಟರೆ ಗೊರಸು ನೆನೆದ ಕಾಗದದಂತೆ ಒಳಗೆ ಹೋಗುತ್ತಿತ್ತು.

"ಸಾವ್ಕಾರ್ರೇ, ಕುದುರೆ ಸಾಕ್ತೀರೋ ಗೊಬ್ಬರ ಸಾಕ್ತೀರೋ?" ಎಂದ.

"ಎರಡೂ ಸಾಕ್ತೀನಿ ಮಾರಾಯ, ನೀನು ಲಾಳ ಹೊಡಿ" ಎಂದರು ಮಾವ.

"ಇದಕ್ಕೆ ಲಾಳ ಹೊಡಿಯಲ್ಲ. ಒಣಗಿಸಿ, ದಿನಾ ತೊಳೀರಿ. ಆರು ತಿಂಗಳು ಗಾಡಿ ಕಟ್ಬೇಡಿ. ಗೊರಸು ಹೊಸದಾಗಿ ಬೆಳೆದ್ರೆ ನಡೆಯುತ್ತೆ, ಇಲ್ಲಾಂದ್ರೆ ಇಲ್ಲ."

ಅಂದೇ ನಾನು ಸೊಪ್ಪು ಅಗೆಯಲು ಇಳಿದೆ. ಮೇಲಿನ ಪದರ ಎತ್ತಿದರೆ ಉಗಿ. ಅದರಡಿ ಹೆಬ್ಬೆರಳು ಗಾತ್ರದ ಗೊಣ್ಣೆಹುಳುಗಳು, ಬಿಳಿಯವು, ಸುರುಳಿ ಬಿದ್ದು ಮಿಸುಕಾಡುತ್ತಿದ್ದವು. ಅಡಿಯಲ್ಲಿ ಮೂತ್ರ ಮಡುಗಟ್ಟಿ ಕಣ್ಣು ಉರಿಸುತ್ತಿತ್ತು. ಎರಡು ಸಲ ವಾಂತಿ ಮಾಡಿಕೊಂಡೆ. ಮಾವ ಹತ್ತಿರ ಬಂದು ಒಂದು ಹಿಡಿ ಎತ್ತಿ ಮೂಸಿ, "ಬಂಗಾರ" ಎಂದರು. ಆ ಕೈಯಲ್ಲೇ ಎಲೆಅಡಿಕೆ ಬಾಯಿಗೆ ಹಾಕಿಕೊಂಡರು. ಆ ರಾತ್ರಿ ಅವರ ಪಕ್ಕದಲ್ಲಿ ಕೂತು ಊಟ ಮಾಡಲು ನನ್ನಿಂದಾಗಲಿಲ್ಲ.

ನಾನು ಹನ್ನೊಂದು ದಿನ ಗೊರಸು ತೊಳೆದೆ. ಕಪ್ಪು ರಸ ಕಡಿಮೆಯಾಗುತ್ತಿತ್ತು. ಹನ್ನೆರಡನೇ ದಿನ ಕಾಲೇಜಿನಿಂದ ಬಂದಾಗ ಲಾಯದಲ್ಲಿ ಬಿಳಿ ಕುದುರೆ ಒಂದೇ ಇತ್ತು. ಹೆಣ್ಣು ಕುದುರೆಯ ಗೊರಸಿನ ಸೀಳಿಗೆ ಮೇಣ, ಜೇಡಿಮಣ್ಣು ತುಂಬಿ, ಬೇರೆ ಯಾರಿಂದಲೋ ಲಾಳ ಹೊಡೆಸಿ, ಮಾವ ಅದನ್ನು ಭದ್ರಾವತಿಯ ಜಟಕಾದವನೊಬ್ಬನಿಗೆ ಮಾರಿ ಬಂದಿದ್ದರು.

"ಅವನಿಗೆ ಹೇಳಿದ್ರಾ?"

"ಅವನು ಕೇಳಲಿಲ್ಲ" ಎಂದು ನಕ್ಕರು ಮಾವ.

ಈಗ ಆ ಲಾಯಕ್ಕೆ ಇಳಿಜಾರಾದ ಕಲ್ಲುಚಪ್ಪಡಿ ಹಾಸಿದೆ, ನೀರು ನಿಲ್ಲುವುದಿಲ್ಲ. ಬಂದವರಿಗೆಲ್ಲ ಮಾವ ಅದನ್ನು ತೋರಿಸುತ್ತಾರೆ. ನಾನು ಎರಡು ಸಲ ಭದ್ರಾವತಿಗೆ ಹೋಗಿ ರೈಲ್ವೆ ಸ್ಟೇಷನ್ನಿನ ಜಟಕಾ ಸಾಲಿನಲ್ಲಿ ಹುಡುಕಿದೆ, ಸಿಗಲಿಲ್ಲ. ಕಂದು ಬಣ್ಣ, ಹಣೆಯ ಮೇಲೆ ಅಡ್ಡ ಬಿಳಿ ಗೆರೆ, ಬಲಗಿವಿಯ ತುದಿ ಸೀಳಿದೆ. ಆ ಕುದುರೆಯನ್ನು ಅಲ್ಲಿ ಕಂಡವರು, ಕೊಂಡವನನ್ನು ಬಲ್ಲವರು, ಅದು ನಾಲ್ಕೂ ಕಾಲು ಊರಿ ನಡೆಯಿತೇ ಎಂಬುದೊಂದನ್ನು ನನಗೆ ಬರೆದು ತಿಳಿಸಬೇಕು.