ಅಮೆರಿಕಕ್ಕೆ ಅವರೆಕಾಯಿ

ಮಾನ್ಯ ಓದುಗರಲ್ಲಿ ವಿನಂತಿ. ನನ್ನ ಅಕ್ಷರ ಗುಂಡಗಿಲ್ಲ, ಕಾಗುಣಿತವೂ ನೆಚ್ಚುವಂಥದ್ದಲ್ಲ. ಮೊದಲಿಗೇ ಕ್ಷಮೆ ಕೋರುತ್ತೇನೆ. ಯಜಮಾನರು ಕಚೇರಿಗೆ ಬರೆಯುತ್ತಿದ್ದ ಅರ್ಜಿಗಳನ್ನು ನೋಡಿ ಬರೆಯಲು ಕಲಿತವಳು ನಾನು. ಮಗಳಿಗೆ ಬರೆದ ಕಾಗದವೂ ರಜೆ ಕೋರಿದಂತಿರುತ್ತದೆಂದು ಮನೆಯವರು ನಗುತ್ತಾರೆ.

ಈ ದಿನ ಬೆಳಿಗ್ಗೆ ಹಾಲಿನವನು ಬಾರದ ಕಾರಣ, ಕಾಫಿಗೆಂದು ಹಾಲಿನ ಪುಡಿಯ ಪೊಟ್ಟಣ ಕತ್ತರಿಸಿದೆ. ಆ ವಾಸನೆಗೆ ಅರವತ್ತರ ದಶಕದ ಜಯನಗರದ ಹೆರಿಗೆ ಕೇಂದ್ರ ನೆನಪಾಯಿತು. ಆಗ ನಾನು ಚೊಚ್ಚಲ ಬಸುರಿ. ಮೈಯಲ್ಲಿ ರಕ್ತ ಸಾಲದು, ಹಾಲು ಕುಡಿಯದಿದ್ದರೆ ಮಗುವಿಗೆ ಅಪಾಯವೆಂದು ನರ್ಸಮ್ಮ ಎಚ್ಚರಿಸಿದ್ದರು. ಮನೆಯ ಹಸುವಿನ ಹಾಲು ಬತ್ತಿತ್ತು. ಅಮೆರಿಕ ದೇಶವು ನಮ್ಮಂಥ ಬಡ ದೇಶಗಳಿಗೆ ಉಚಿತವಾಗಿ ಕಳುಹಿಸುತ್ತಿದ್ದ ಹಾಲಿನ ಪುಡಿಯನ್ನು ಕೇಂದ್ರದಲ್ಲಿ ಡಬ್ಬಕ್ಕೆ ತುಂಬಿ ಕೊಡುತ್ತಿದ್ದರು. ಖಾಲಿ ಡಬ್ಬ ಹಿಂದಿರುಗಿಸಿದರೆ ಮತ್ತೆ ತುಂಬಿಕೊಡುವುದು ಅಲ್ಲಿಯ ಪದ್ಧತಿ.

ನಮ್ಮತ್ತೆಯವರ ಪದ್ಧತಿ ಬೇರೆ. ಜಯನಗರದ ಪಕ್ಕದ ಸಿದ್ದಾಪುರದಲ್ಲಿ ತರಕಾರಿ ಬೆಳೆದು ಬಾಳಿದ ಅವರು, ಕೊಟ್ಟವರ ಪಾತ್ರೆಯನ್ನು ಎಂದೂ ಬರಿದಾಗಿ ಹಿಂದಿರುಗಿಸಿದವರಲ್ಲ. ಒಂದು ಹಿಡಿ ಸೊಪ್ಪಾದರೂ ಇರಬೇಕು. ಸದರಿ ಡಬ್ಬವನ್ನೂ ಸೊಗಡಿನ ಅವರೆಕಾಯಿ ತುಂಬಿಯೇ ತಂದರು.

“ಇದ್ಯಾಕೆ ಅಜ್ಜಿ? ನಾನು ಏನೂ ತಗೋಬಾರ್ದು,” ಎಂದರು ನರ್ಸಮ್ಮ.

“ನಿಂಗಲ್ಲ ಕಣವ್ವ, ಹಾಲು ಕೊಟ್ಟೋರಿಗೆ. ಕಳ್ಸು.”

“ಅಮೆರಿಕಕ್ಕಾ?”

ಬೆಂಚಿನ ಮೇಲಿದ್ದ ಕೋಣನಕುಂಟೆಯ ತುಂಬು ಬಸುರಿಯೊಬ್ಬಳು, “ಅವ್ರಿಗೆ ಸುಲಿಯೋಕೆ ಬರ್ತದಾ ಅಜ್ಜಿ? ಹಿಂದೇನೇ ನೀವೂ ಹೋಗ್ಬೇಕಾಯ್ತದೆ!” ಎಂದಳು. ಎಲ್ಲರೂ ನಕ್ಕರು.

ಅತ್ತೆ ನಗಲಿಲ್ಲ. “ಕೊಟ್ಟೋರು ನಮ್ದೂ ಇಸ್ಕೊಳ್ದಿದ್ರೆ ಅದು ತಿರುಪೆ ಆಯ್ತದೆ. ನಮ್ಗೆ ಬ್ಯಾಡ. ಏಳು, ಹೋಗುವ.”

ನಾನು ಏಳಲಿಲ್ಲ. ಅತ್ತೆಗೆ ಎದುರಾಡಿ ನನಗೆ ಅಭ್ಯಾಸವಿರಲಿಲ್ಲ.

“ಅತ್ತೆಮ್ಮ, ನಂಗೆ ಬೇಕು.”

ಅವರು ನನ್ನ ಮುಖ ನೋಡಿದರು, ಹೊಟ್ಟೆ ನೋಡಿದರು. ಆಮೇಲೆ ಆ ಕೋಣನಕುಂಟೆಯವಳ ಮುಂದೆ ಹೋಗಿ, “ನಗಾಡಿದ್ದು ಸಾಕು, ಸೆರಗೊಡ್ಡು,” ಎಂದು ಮಡಿಲು ತುಂಬುವಂತೆ ಅವರೆಕಾಯಿಯನ್ನೆಲ್ಲ ಸುರಿದರು. “ಅಷ್ಟು ದೂರ ಹೋಗೋದು ನಿನ್ನ ಹೊಟ್ಟೆಗೇ ಹೋಗ್ಲಿ.” ಬರಿದಾದ ಡಬ್ಬವನ್ನು ನರ್ಸಮ್ಮನತ್ತ ಚಾಚಿದರು. “ಈಗ ಹಾಕವ್ವ.”

ಮಗಳು ಗಟ್ಟಿಯಾಗಿಯೇ ಹುಟ್ಟಿದಳು.

ಈಗ ನಮ್ಮ ದೇಶವೂ ಆಫ್ರಿಕದ ಕಡೆಗೆ ಧಾನ್ಯ ಕಳುಹಿಸುತ್ತದೆಂದು ಪತ್ರಿಕೆಯಲ್ಲಿ ಓದುತ್ತೇನೆ. ಇಷ್ಟು ದಿನ ಹೆಮ್ಮೆಯಷ್ಟೇ ಆಗುತ್ತಿತ್ತು. ಇಂದು, ಅಲ್ಲಿಯೂ ಯಾರೋ ಅತ್ತೆಯೊಬ್ಬರು ತಮ್ಮ ಹೊಲದ್ದನ್ನು ಹಿಡಿದು ನಿಂತಿರಬಹುದೆನಿಸಿತು. ಅವರು ಕೊಟ್ಟದ್ದನ್ನು ಸಂಬಂಧಪಟ್ಟವರು ದಯವಿಟ್ಟು ಸ್ವೀಕರಿಸಬೇಕಾಗಿ ಕೋರಿಕೆ. ಬರಹದಲ್ಲಿ ತಪ್ಪು ಕಂಡರೆ ತಾವೇ ತಿದ್ದಿಕೊಡಬೇಕು. ಕೋರಿಕೆಯನ್ನು ಮಾತ್ರ ಹಾಗೆಯೇ ಇರಗೊಡಿ.