ಕವರು ತೆಗೆಯದ ಸೋಫಾ

ಸೋಫಾ ಮೇಸ್ತ್ರಿಯ ಅಂಗಡಿಗೆ ಬರುತ್ತಿದ್ದದ್ದೆಲ್ಲ ಕೆಟ್ಟು ಕೂತ ಸೋಫಾಗಳೇ. ಸ್ಪ್ರಿಂಗು ಮುರಿದವು, ಬಟ್ಟೆ ಹರಿದವು, ಮಕ್ಕಳು ಕುಣಿದು ನಡು ಕುಸಿದವು. ಕತ್ತರಿ ಹಾಕಿ ಬಿಚ್ಚಿದರೆ ಒಳಗೆ ಬಾಚಣಿಗೆ, ಬಿಸ್ಕತ್ತಿನ ಪುಡಿ, ಯಾರದೋ ಕಿವಿಯ ಓಲೆ. ಮೂವತ್ತು ವರ್ಷ ಇದನ್ನೇ ನೋಡಿದವನ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿತ್ತು: ಸೋಫಾ ಹಾಳಾಗುವುದು ಕೂರುವ ಜನರಿಂದ. ಅರೆಬರೆ ಕೆಲಸ ಕಲಿತವನಿಗೆ ಇಂಥ ಭ್ರಮೆ ಹಿಡಿಯುವುದಿಲ್ಲ, ಪಳಗಿದವನಿಗೇ ಹಿಡಿಯುವುದು.

ಹಾಗಾಗಿ ತನ್ನ ಮನೆಗೆಂದು ಕಡುಗೆಂಪು ಬಟ್ಟೆಯ ಸೋಫಾ ಮಾಡಿದಾಗ ಅದಕ್ಕೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಸುತ್ತಲೂ ಪಿನ್ನು ಹೊಡೆದು ಬಿಗಿದ. ಅದು ಮುಂದಿನ ಕೋಣೆಯ ಕಿಟಕಿಯ ಕೆಳಗೆ ಹದಿನೆಂಟು ವರ್ಷ ಹಾಗೇ ಇತ್ತು. ಗಂಡ ಹೆಂಡತಿ ಚಾಪೆಯ ಮೇಲೆ ಕೂರುತ್ತಿದ್ದರು. ಬಂದವರು ಅತ್ತ ಹೆಜ್ಜೆ ಇಟ್ಟರೆ ಮೇಸ್ತ್ರಿ ಲಗುಬಗೆಯಿಂದ ಸ್ಟೂಲು ಎಳೆದು ಕೊಡುತ್ತಿದ್ದ. "ಮೇಸ್ತ್ರಿ ಅದನ್ನ ಸ್ವರ್ಗಕ್ಕೇ ಪಾರ್ಸೆಲ್ ಮಾಡ್ತಾನೆ" ಎಂದು ಓಣಿಯವರು ಬೆನ್ನ ಹಿಂದೆ ನಗುತ್ತಿದ್ದರು.

ನಗದೆ ಇದ್ದವಳು ಹೆಂಡತಿ. ಅವರ ಚರ್ಚಿನ ಸಭೆಯಲ್ಲಿ ಶುಕ್ರವಾರದ ಪ್ರಾರ್ಥನೆ ಸರದಿಯ ಮೇಲೆ ಮನೆಯಿಂದ ಮನೆಗೆ ಹೋಗುತ್ತಿತ್ತು. ಒಂದೇ ಕೋಣೆಯಲ್ಲಿ ಬಾಳುವವರೂ ಪಕ್ಕದ ಮನೆಯ ಬೆಂಚು ತಂದು ಹಾಕಿ ಕರೆಯುತ್ತಿದ್ದರು. ಇವಳು ಎಲ್ಲರ ಮನೆಗೂ ಹೋಗಿ ಬಂದಳು. ತನ್ನ ಮನೆಗೆ ಒಮ್ಮೆಯೂ ಕರೆಯಲಾಗಲಿಲ್ಲ.

"ಒಂದ್ಸಲ ನಮ್ಮನೇಲೂ ಇಟ್ಕೊಳ್ಳೋಣ ರೀ," ಎನ್ನುತ್ತಿದ್ದಳು.

"ಇಪ್ಪತ್ತು ಜನ ಕಣೇ! ಸೋಫಾದ ಗತಿ ಏನು?"

"ಅವರು ಬರೋದು ಪ್ರಾರ್ಥನೆ ಮಾಡೋಕೆ, ಕುಸ್ತಿ ಆಡೋಕಲ್ಲ."

"ಸರಿ, ನೋಡೋಣ ಬಿಡು."

ಈ 'ನೋಡೋಣ' ಇದೆಯಲ್ಲ, 'ಇಲ್ಲ' ಎನ್ನುವುದಕ್ಕಿಂತ ಕ್ರೂರ. ಇಲ್ಲ ಎಂದಿದ್ದರೆ ಅವಳು ಜಗಳವನ್ನಾದರೂ ಆಡಬಹುದಿತ್ತು. ಕೂಡಿಟ್ಟದ್ದು ಯಾವುದೂ ಜೊತೆಗೆ ಬರುವುದಿಲ್ಲ, ಇನ್ನೊಬ್ಬರಿಗೆ ಬಾಗಿಲು ತೆರೆದು ಬಾಳಿದ್ದೇ ಬಾಳು ಎಂದು ಪಾದ್ರಿಗಳು ಬೋಧಿಸಿದಾಗ ಮೇಸ್ತ್ರಿ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎನ್ನುತ್ತಿದ್ದ. ಅದು ದುಡ್ಡಿದ್ದವರಿಗೆ ಹೇಳಿದ ಮಾತು ಎಂದು ಅವನ ನಂಬಿಕೆ. ಕೆಟ್ಟವನಲ್ಲ, ಕುಡಿಯುವವನಲ್ಲ, ಕೈ ಎತ್ತಿದವನಲ್ಲ. ಅದಕ್ಕೇ ಅವನ ಮೇಲೆ ಸಿಟ್ಟು ಇನ್ನೂ ಹೆಚ್ಚು ಬರುತ್ತದೆ.

ಹೆಂಡತಿ ಹಾಸಿಗೆ ಹಿಡಿದಳು. ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಳಕು ಸುಳಿಯದ ಒಳಕೋಣೆಯಲ್ಲಿ ಮಲಗಿದ್ದವಳನ್ನು ಮೇಸ್ತ್ರಿ ಕೇಳಿದ, "ಏನಾದ್ರೂ ಬೇಕಾ?"

"ನಮ್ಮನೇಲಿ ಪ್ರಾರ್ಥನೆ..." ಎಂದಳಷ್ಟೆ.

 ಮೇಸ್ತ್ರಿ ಅಂದೇ ಹೋಗಿ ಸಭೆಯವರನ್ನೆಲ್ಲ ಶುಕ್ರವಾರಕ್ಕೆ ಕರೆದ.

ಆ ಸಂಜೆ ಬಂದವರ ಎದುರೇ ಪ್ಲಾಸ್ಟಿಕ್ಕಿಗೆ ಕತ್ತರಿ ಹಾಕಿದ. ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಬಣ್ಣ ಮಾತ್ರ ಹೊಚ್ಚ ಹೊಸದು. ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಕಿಟಕಿಯ ಬೆಳಕಿನಲ್ಲಿ ಸೋಫಾದ ಮೇಲೆ ಮಲಗಿಸಿದ. ಹಿಡಿ ಮೂಳೆಯಾಗಿದ್ದಳು.

ಅಷ್ಟಕ್ಕೇ ಕೆಳಗಿನ ರಬ್ಬರ್ ಪಟ್ಟಿಗಳು ಒಣಗಿದ ಕಡ್ಡಿಯಂತೆ ಪಟಪಟನೆ ಮುರಿದವು. ಫೋಮು ಹಳದಿ ಪುಡಿಯಾಗಿ ನೆಲಕ್ಕೆ ಸುರಿಯಿತು. ಕೂತು ಕೂತು ಕೆಟ್ಟ ಸೋಫಾಗಳೇ ಅಂಗಡಿಗೆ ಬರುತ್ತಿದ್ದುದರಿಂದ, ಯಾರೂ ಕೂರದೆ ಕೆಟ್ಟದ್ದು ಹೇಗಿರುತ್ತದೆ ಎಂದು ಅವನು ನೋಡಿಯೇ ಇರಲಿಲ್ಲ.

ಅವಳು ನಡುವಿನ ಕುಳಿಗೆ ಕುಸಿದಳು. ನೋವಾಗಿರಬೇಕು. ಆದರೆ ಅವಳ ಕಣ್ಣಲ್ಲಿ ಇದ್ದದ್ದು ಹೆದರಿಕೆ. ಇಪ್ಪತ್ತು ಜನರ ಎದುರು ಗಂಡನ ತೋಳು ಹಿಡಿದುಕೊಂಡು ಕೇಳಿದಳು:

"ಬೈಬೇಡಿ ರೀ... ನಾನು ಹಾಳು ಮಾಡಿಬಿಟ್ನಾ?"

ಇಲ್ಲ ಕಣೇ ಎನ್ನಲು ಮೇಸ್ತ್ರಿ ಬಾಯಿ ತೆರೆದ. ಅಷ್ಟರಲ್ಲಿ ಪಾದ್ರಿಗಳು ತಡವರಿಸುತ್ತಾ ಪ್ರಾರ್ಥನೆ ಶುರುಮಾಡಿದರು. ಎಲ್ಲರೂ ಕಣ್ಣು ಮುಚ್ಚಿದ್ದರು. ಅವಳೊಬ್ಬಳು, ಗಂಡನಿಗೆ ಕೋಪ ಬಂದಿದೆಯೇ ಎಂದು ಅವನ ಮುಖವನ್ನೇ ನೋಡುತ್ತಿದ್ದಳು.